ಬಸುರಿನಲ್ಲಿ ಹೇಳದೆ ಉಳಿದ ಹಾಡು

ಮಾನ್ಯ ಓದುಗರ ಸನ್ನಿಧಿಗೆ,

ನನ್ನ ಕೈಬರಹ ಕೋಳಿ ಕೆದರಿದಂತಿದ್ದು, ಒತ್ತಕ್ಷರಗಳು ಒಂದರ ಮೈಮೇಲೊಂದು ಬಿದ್ದಿರುವುದನ್ನೂ ಕಾಗುಣಿತ ಅಲ್ಲಲ್ಲಿ ಎಡವಿರುವುದನ್ನೂ ತಾವು ದೊಡ್ಡ ಮನಸ್ಸಿನಿಂದ ಮನ್ನಿಸಬೇಕಾಗಿ ಮೊದಲಿಗೇ ಬೇಡಿಕೊಳ್ಳುತ್ತೇನೆ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಆದಕಾರಣ ಈ ಪ್ರಬಂಧವೂ ಅದೇ ಧಾಟಿಯಲ್ಲಿ ಸಾಗಿದಲ್ಲಿ, ಅದು ಬಿಗುಮಾನವಲ್ಲ, ಭಯವೆಂದು ತಿಳಿಯತಕ್ಕದ್ದು.

ವಿಷಯ ಇಷ್ಟೇ. ಹೆಗ್ಗರಣೆ ಸಮೀಪದ ನನ್ನ ತವರಿನಲ್ಲಿ ಒಂದು ಪದ್ಧತಿಯಿದೆ. ಬಸುರಿಯಾದವಳು ದೀಪ ಹಚ್ಚುವ ಹೊತ್ತಿಗೆ ತನಗಿಷ್ಟವಾದ ಒಂದು ಹಾಡನ್ನು ಹೇಳಬೇಕು. ಹೆರಿಗೆಯವರೆಗೂ ಹಾಡು ಬದಲಾಗಕೂಡದು. ಮುಂದೆ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಾಣಂತಿ ಅದೇ ಹಾಡನ್ನು ಎತ್ತಿಕೊಡಬೇಕು, ನೆರೆದ ಹೆಂಗಸರು ದನಿಗೂಡಿಸಬೇಕು. ಕೇಳಿದ ಹಾಡು ಕಿವಿಗೆ ಬಿದ್ದರೆ ಮಗು ಹೊಸ ಜಾಗಕ್ಕೆ ಹೆದರುವುದಿಲ್ಲವೆಂಬುದು ಸದರಿ ಪದ್ಧತಿಯ ಉದ್ದೇಶ. ಕೊನೆಯ ತಿಂಗಳುಗಳಲ್ಲಿ ಒಳಗಿನ ಮಗುವಿಗೆ ತಾಯಿಯ ದನಿ ಕೇಳುತ್ತದೆ, ಹಾಡಿದರೆ ತಾಯಿಯ ಉಸಿರು ನೀಳವಾಗಿ ಮನಸ್ಸೂ ಹಗುರಾಗುತ್ತದೆ ಎಂದು ಶಿರಸಿಯ ಡಾಕ್ಟರಮ್ಮನೂ ಹೇಳಿದ್ದರು. ಡಾಕ್ಟರಮ್ಮನೂ ನನ್ನ ತಾಯಿಯೂ ಒಂದೇ ಮಾತಿಗೆ ಸಹಿ ಹಾಕಿದ ಮೇಲೆ ಪಾಲಿಸಬೇಕಾದದ್ದು ನನ್ನ ಕರ್ತವ್ಯವಾಗಿತ್ತು. ಪಾಲಿಸಲಿಲ್ಲ.

ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಮೈಕಿನ ಮುಂದೆ ಕುಳಿತು, ಅಂದು ಯಾವ ಯಾವ ಬಗೆಯ ಅಡಿಕೆ ಟೆಂಡರಿಗೆ ಬಂದಿದೆಯೆಂದು ಕೂಗಿ ಹೇಳುವುದು ನನ್ನ ನೌಕರಿ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ದಿನವಿಡೀ ಕೂಗಿ ಬಾಡಿಗೆ ಮನೆಗೆ ಮರಳಿದರೆ ದನಿಯೇ ಉಳಿಯುತ್ತಿರಲಿಲ್ಲ. ಉಳಿದ ದಿನ ಗೋಡೆಯಾಚೆಯವರು ಕೇಳಿಯಾರೆಂಬ ನಾಚಿಕೆ. ಊರಿಗೆಲ್ಲ ಕೇಳುವಂತೆ ಅಡಿಕೆಯ ಹೆಸರು ಕೂಗುವವಳಿಗೆ ಒಂದು ಹಾಡಿಗೆ ಎಂಥ ನಾಚಿಕೆಯೆಂದು ತಾವು ಕೇಳಬಹುದು.

ಆಯಿ, ಅಂದರೆ ನನ್ನ ತಾಯಿ, ಪ್ರತಿ ಸಂಜೆ ಫೋನು ಮಾಡುತ್ತಿದ್ದಳು. “ಒಂದು ಸೊಲ್ಲಾದ್ರೂ ಹೇಳೇ ತಂಗಿ. ಹೊರಗಿನವು ಕೇಳದು ಬ್ಯಾಡ, ಒಳಗಿದ್ದಿದ್ದು ಕೇಳಿದ್ರೆ ಸಾಕು.”

“ಗಂಟ್ಲು ಕಟ್ಟೋಯ್ದು ಆಯಿ, ನಾಳೆ ಹೇಳ್ತೆ” ಎನ್ನುತ್ತಿದ್ದೆ. ನಾಳೆ ಎಂಬುದು ಮುಗಿದು ಮಗಳು ಹುಟ್ಟಿದಳು.

ತವರಿನಲ್ಲಿ ತೊಟ್ಟಿಲ ದಿನ ಬಂತು. ಮಲಗಿಸಿದೊಡನೆ ಮಗು ಕಿರುಚಿ ಕೆಂಪಾಯಿತು. ಹೆಂಗಸರೆಲ್ಲ ನನ್ನ ಮುಖ ನೋಡಿದರು.

“ಯಾವ ಹಾಡೇ ತಂಗಿ? ಶುರು ಮಾಡು, ಯಂಗಳೂ ಸೇರ್ತ್ಯ” ಎಂದಳು ಅತ್ತಿಗೆ.

ಗೊತ್ತಿದ್ದ ಹಾಡುಗಳೆಲ್ಲ ಮರೆತುಹೋದವು. ಗಾಬರಿಯಲ್ಲಿ ಬಾಯಿ ತನಗೆ ರೂಢಿಯಿದ್ದುದನ್ನೇ ಹಿಡಿಯಿತು: ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು... ಮಗು ಥಟ್ಟನೆ ಸುಮ್ಮನಾಗಿ, ಕತ್ತು ನನ್ನತ್ತ ಹೊರಳಿಸಿತು.

“ಕೂಸಿಗೆ ಹೆಸ್ರು ಹುಡ್ಕದೇ ಬ್ಯಾಡ, ಚಾಲಿ ಹೇಳೇ ಇಡ್ಲಕ್ಕು!” ಎಂದು ಅತ್ತಿಗೆ ನಕ್ಕಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಯಿ ಮಾತ್ರ ತೊಟ್ಟಿಲ ಹಗ್ಗ ಹಿಡಿದು, ನಗುವವರನ್ನು ತಡೆದು, “ನಗಡಿ. ಕೂಸಿಗೆ ಕೇಳಿ ಗೊತ್ತಿಪ್ಪದು ಅದೇಯ” ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನೆಂಟರು ಹೊರಟ ಮೇಲೆ ಆಯಿ ತೊಟ್ಟಿಲ ಬಳಿ ಕುಳಿತಳು. “ನೀ ಹೊಟ್ಟೇಲಿದ್ದಾಗ ಆನು ಹೇಳ್ತಿದ್ದ ಹಾಡು ನೆನಪಿದ್ದನೇ?” ಎಂದು ಕೇಳಿದಳು. ಇರಲಿಲ್ಲ. ನಾನು ತೊಟ್ಟಿಲು ಬಿಟ್ಟ ಮೇಲೆ ಆ ಹಾಡಿಗೆ ಮನೆಯಲ್ಲಿ ಕೆಲಸವೇ ಬಿದ್ದಿರಲಿಲ್ಲ. ಅವಳು ಮೆಲ್ಲಗೆ ಹೇಳತೊಡಗಿದಳು. ತಡವಾದರೂ ಕಲಿತು ಮಗಳಿಗೆ ಹೇಳೋಣವೆಂದು ಗಮನವಿಟ್ಟು ಕುಳಿತೆ. ಮಗಳು ಅಪರಿಚಿತರ ಮಾತು ಕೇಳುವವಳಂತೆ ಕಣ್ಣರಳಿಸಿ ಜಂತಿ ನೋಡುತ್ತಿದ್ದಳು. ಎರಡನೆಯ ನುಡಿ ಹೇಗಿತ್ತೋ ತಿಳಿಯದು.

ಎಚ್ಚರವಾದಾಗ ನನ್ನ ಮೈಮೇಲೆ ಕಂಬಳಿಯಿತ್ತು. “ಕೂಸು ಎಚ್ಚರಾಗೇ ಇದ್ದು. ವರಗಿದ್ದು ನೀನು” ಎಂದಳು ಆಯಿ.

ಮೇಲ್ಕಾಣಿಸಿದ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವೇ ತಿದ್ದಿಕೊಳ್ಳಬೇಕಾಗಿ ವಿನಂತಿ. ಬರೆದದ್ದನ್ನಾದರೂ ತಿದ್ದಲು ಬರುತ್ತದೆ.