ಗಂಡನ ಹೆಸರಿನ ಜಾಗಕ್ಕೆ ಇಟ್ಟ ನಕ್ಷತ್ರ

ರಾಮದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಬರುವವರಲ್ಲಿ ವಯಸ್ಸಾದ ಹೆಂಗಸರೇ ಬಹಳ. ಕೇಳಿದ್ದೆಲ್ಲ ಹೇಳುತ್ತಾರೆ, ಗಂಡನ ಹೆಸರೊಂದನ್ನು ಮಾತ್ರ ಬಾಯಿಂದ ಆಡುವುದಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡುತ್ತಾರೆ. ಕಾಗದದ ಅರ್ಜಿಯ ಕಾಲದಿಂದಲೂ ನಾನು ಆ ಜಾಗಕ್ಕೆ ಒಂದು ನಕ್ಷತ್ರದ ಗುರುತು ಹಾಕಿ ಮುಂದೆ ಹೋಗುತ್ತೇನೆ. ಜೊತೆಗೆ ಬಂದವರು ಹೇಳಿದ ಮೇಲೆ ಅಳಿಸಿ ಬರೆಯುತ್ತೇನೆ.

ಕಳೆದ ಶ್ರಾವಣದಲ್ಲಿ ಕಟಕೋಳದ ಒಬ್ಬ ಆಯಿ ವಿಧವಾ ವೇತನಕ್ಕೆಂದು ಬಂದರು. ಅವರ ನೆಗೆಣ್ಣಿ, ಮೈದುನನ ಹೆಂಡತಿ, ಕಾಗದಪತ್ರ ಹಿಡಿದು ಎದುರಿನ ಝೆರಾಕ್ಸ್ ಅಂಗಡಿಯ ಗದ್ದಲದಲ್ಲಿ ನಿಂತಿದ್ದರು. ನಾನು ಬ್ರೌಸರಿಗೆ ಹೊಸ ಪ್ಲಗಿನ್ ಹಾಕಿಕೊಂಡು ಇನ್ನೂ ವಾರವಾಗಿರಲಿಲ್ಲ. ಹೆಸರು ಒತ್ತಿದರೆ ಸಾಕು, ಹಿಂದೆ ತುಂಬಿದ ವಿವರ ಹುಡುಕಿ ತಂದು ಕೊಡುತ್ತದೆ. ಬೈಲಹೊಂಗಲದಲ್ಲಿ ಇಂಥದೇ ಅಂಗಡಿ ಇಟ್ಟ ಪರಿಚಯದವರು ಹೇಳಿದ್ದು.

ರೂಢಿಯಂತೆ ನಕ್ಷತ್ರ ಒತ್ತಿದೆ. ಪರದೆಯ ಮೇಲೆ ಹೆಸರುಗಳು ಇಳಿಯತೊಡಗಿದವು. ಬೈಲಹೊಂಗಲದವರು, ಸವದತ್ತಿಯವರು, ಕಿತ್ತೂರಿನವರು. ಮನೆ ನಂಬರು, ಫೋನು, ಆಧಾರ್. ಸರಿಸಿದಷ್ಟೂ ಮುಗಿಯಲಿಲ್ಲ. ಈ ಪ್ಲಗಿನ್ ಹಾಕಿಕೊಂಡ ಅಂಗಡಿಗಳಲ್ಲಿ ತುಂಬಿದ್ದೆಲ್ಲ ಒಂದೇ ಕಡೆ ಕೂಡಿತ್ತು. ಆ ಪ್ಲಗಿನ್‌ಗೆ ನಕ್ಷತ್ರವೆಂದರೆ ಎಲ್ಲರನ್ನೂ ಕರೆ ಎಂಬ ಅಪ್ಪಣೆಯಂತೆ. ಹೆಸರಿನ ಜಾಗಕ್ಕೆ ಬಂದದ್ದು ಹೆಸರು ಹೌದೋ ಅಲ್ಲವೋ ಎಂದು ಅದು ನೋಡಿರಲೇ ಇಲ್ಲ. ನಾವು ಜೋಳವನ್ನೂ ಹಸನು ಮಾಡದೆ ಗಿರಣಿಗೆ ಒಯ್ಯುವುದಿಲ್ಲ. ಒಬ್ಬ ಹೆಂಗಸು ಒಂದು ಹೆಸರು ಹೇಳದೆ ಕುಳಿತದ್ದಕ್ಕೆ ಇಷ್ಟು ಊರುಗಳ ಕದ ತೆರೆದಿದ್ದವು.

ಕೂಡಲೇ ಪ್ಲಗಿನ್ ತೆಗೆದುಹಾಕಿದೆ. ಆಯಿ ಓದು ಬಲ್ಲವರು. ಪರದೆಯ ಮೇಲೆ ಕಂಡವರೆಲ್ಲ ಯಾರು ಎಂದು ಕೇಳಿದರು. ಆದದ್ದನ್ನು ಹೇಳಿದೆ.

“ಹ್ವಾದ ವರ್ಷ ಬೈಲಹೊಂಗಲದಾಗ ಮಗಳ ಮನಿಗಿ ಹೋದಾಗ ಒಂದ ಅರ್ಜಿ ತುಂಬಿಸೀವ್ರಿ. ನಮ್ಮವರ ಹೆಸರೂ ಇದರಾಗ ಹೋಗೇತೇನ್ರಿ? ನಲವತ್ತ ವರ್ಷ ನಾ ಹೊರಗ ಬಿಡದ ಬಾಯಾಗ ಇಟ್ಕೊಂಡದ್ದು.”

ಬೈಲಹೊಂಗಲಕ್ಕೆ ಫೋನು ಮಾಡಿದೆ. ಪರಿಚಯದವರು ಮೊದಲು ನಕ್ಕರು. ನಕ್ಷತ್ರ ಒತ್ತಿ ನೋಡಿರೆಂದೆ. ಆ ಕಡೆ ಕೀಲಿ ಒತ್ತಿದ ಸದ್ದು ಕೇಳಿತು.

“ಅಕ್ಕಾರ, ನಿಮ್ಮ ರಾಮದುರ್ಗದವ್ರೂ ಅದಾರ್ರಿ ಇಲ್ಲೆ.”

ಅವರು ತಮ್ಮ ಅಂಗಡಿಯದನ್ನೂ ತೆಗೆಯುತ್ತೇನೆಂದರು. ಅದಕ್ಕೂ ಮೊದಲು ಒಂದು ಹೆಸರು ಹುಡುಕಿ ಹೇಳಬೇಕೆಂದು ಕೇಳಿಕೊಂಡೆ. ಅಷ್ಟರಲ್ಲಿ ನೆಗೆಣ್ಣಿ ಕಾಗದ ತಂದಿದ್ದರು. ನಾನು ಹೆಸರನ್ನು ಓದಿ ಹೇಳುವಾಗ ಆಯಿ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ಪ್ಲಗಿನ್ ಮಾಡಿದವರಿಗೆ ನಾನು ಅಂದೇ ಬರೆದದ್ದು, ಎಂಟು ದಿನಕ್ಕೆ ಸರಿಮಾಡಿದೆವೆಂದು ಅವರು ತಿಳಿಸಿದ್ದು ಎಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ನನಗೆ ಕಂಡದ್ದು ಆ ಬೆನ್ನು, ಬಿಗಿಯಾಗಿ ಹಿಡಿದ ಸೆರಗು.

ಎರಡು ಸಲ ಹುಡುಕಿದೆ, ಆ ಹೆಸರು ಇಲ್ಲ ಎಂದು ಬೈಲಹೊಂಗಲದವರು ಫೋನಿನಲ್ಲಿ ಹೇಳಿದರು. ಅದನ್ನೇ ಆಯಿಗೆ ಹೇಳಿದೆ.

ಅವರು ತಿರುಗಿ ಬಂದು ಕುಳಿತರು.

“ಹಂಗಾರ ನಮ್ಮವರು ಎಲ್ಲೂ ಹೋಗಿಲ್ಲ, ನನ್ನ ಹಂತ್ಯಾಕನ ಅದಾರ. ಬರೀರಿ ಈಗ.”

ಒಂದೊಂದೇ ಅಕ್ಷರ ನಾನೇ ಒತ್ತಿ ಬರೆದೆ.