ಅಜ್ಜನ ದೋಸೆ, ಬಿನ್ ಮಹಮೂದಿನ ಬೆಕ್ಕು

ಇವತ್ತು ಬೆಳಿಗ್ಗೆ ಕಾವ್ಯಾ ಹಳೆಯ ಹಂಚಿನ ಮೇಲೆ ಮೊಟ್ಟೆ ಒಡೆದಳು. ಆ ವಾಸನೆಗೆ ನಾನು ಮೂಗು ಮುಚ್ಚಲಿಲ್ಲ, ನಕ್ಕುಬಿಟ್ಟೆ. "ವಾಟ್ ಹ್ಯಾಪನ್ಡ್ ಅಜ್ಜಿ?" ಎಂದಳು. ಎದುರು ನಿಂತು ಹೇಳುವುದು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ, ಮಕ್ಕಳೇ. ಓದಲು ತಡವರಿಸಿದರೆ ನಿಮ್ಮಪ್ಪನಿಂದ ಓದಿಸಿಕೊಳ್ಳಿ. ಅವನೂ ತಡವರಿಸುತ್ತಾನೆ, ಆ ಮಾತು ಬೇರೆ.

ನಿಮ್ಮ ಅಜ್ಜನ ಕಿಡ್ನಿ ಕೆಟ್ಟಾಗ ನೀವಿನ್ನೂ ಸಣ್ಣವರು. ಆಗ ನಾವೆಲ್ಲ ಈ ಕೊಲ್ಲಿ ದೇಶದ ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನಲ್ಲಿದ್ದೆವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಯಂತ್ರವೊಂದು ಅವರ ರಕ್ತ ತೊಳೆದು ಮರಳಿ ಕೊಡುತ್ತಿತ್ತು. ಅವರ ಅಂಗಿ ಒಗೆದೊಗೆದು ಸಾಕಾಗಿದ್ದ ನನಗೆ, ರಕ್ತ ಒಗೆಯುವ ಕೆಲಸ ಬೇರೆಯವರ ಪಾಲಿಗೆ ಹೋದದ್ದು ಸಮಾಧಾನವೇ.

ಊಟ ಮಾತ್ರ ನನ್ನ ಪಾಲಿಗೆ ಉಳಿಯಿತು. ಒಳ್ಳೆಯದೆಂದು ನಾನು ಕಲಿತದ್ದೆಲ್ಲ ಅವರಿಗೆ ವಿಷವಂತೆ. ಎಳನೀರು ಬೇಡ, ಬಾಳೆಹಣ್ಣು ಬೇಡ, ಖರ್ಜೂರ ಬೇಡ. ಆಲೂಗಡ್ಡೆ ಹೆಚ್ಚಿ, ನೆನೆಸಿ, ಕುದಿಸಿ, ನೀರು ಚೆಲ್ಲಿ ಆಮೇಲೆ ಪಲ್ಯ ಮಾಡಬೇಕಂತೆ. ಬೇಳೆ ಬಸಿದ ನೀರಿನಲ್ಲಿ ಕಟ್ಟಿನ ಸಾರು ಮಾಡುವ ಮನೆಯಿಂದ ಬಂದವಳಿಗೆ ಕುದಿಸಿದ ನೀರು ಚೆಲ್ಲು ಎಂದರೆ! ಚೆಲ್ಲಲಿಲ್ಲ. ಸಾರು ಮಾಡಿ ನಿಮಗೆ ಬಡಿಸಿದೆ. ಸತ್ವವೆಲ್ಲ ನಿಮಗೆ, ಸಪ್ಪೆಯೆಲ್ಲ ಅಜ್ಜನಿಗೆ. ನೀವು ಇಷ್ಟೆತ್ತರ ಬೆಳೆದದ್ದು ಬಾಸ್ಕೆಟ್‌ಬಾಲ್ ಆಡಿ ಎಂದುಕೊಂಡಿದ್ದೀರಿ.

ಅಜ್ಜ ಸೊರಗುತ್ತ ಹೋದರು. ಕಾಲು ಬಾತವು, ತೋಳು ಕಡ್ಡಿಯಾದವು. ಆಸ್ಪತ್ರೆಯಲ್ಲಿ ಊಟದ ಪಥ್ಯ ಹೇಳುವ ಮಲಯಾಳಿ ಹುಡುಗಿಯೊಬ್ಬಳಿದ್ದಳು. ಅವಳ ಹಿಂದಿಯನ್ನು ನಿಮ್ಮಪ್ಪ ಕನ್ನಡಕ್ಕೆ ತಿರುಗಿಸಿದ: ರಕ್ತದಲ್ಲಿ ಪ್ರೋಟೀನ್ ತೀರ ಇಳಿದಿದೆ, ಹೀಗೇ ಆದರೆ ಒಂದು ಸಣ್ಣ ಜ್ವರವನ್ನೂ ಇವರು ತಡೆದುಕೊಳ್ಳಲಾರರು. ಹಾಲು, ಬೇಳೆ ಹೆಚ್ಚಿಗೆ ಕೊಡುವಂತಿಲ್ಲ. ದಿನಾ ಮೊಟ್ಟೆಯ ಬಿಳಿ ಕೊಡಿ, ಹಳದಿ ಬೇಡ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಅಜ್ಜ ಎದ್ದೇ ನಿಂತರು. "ಸತ್ರೂ ಚಿಂತಿಲ್ಲ, ನನ್ನ ಬಾಯಾಗ ತತ್ತಿ ಬ್ಯಾಡ!" ಎಂದು ಕೂಗಿ ನನ್ನ ಕಡೆ ನೋಡಿದರು. ನಾನು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡೆ.

ಹೆಮ್ಮೆ ಮನೆ ಮುಟ್ಟುವವರೆಗೂ ಬಾಳಲಿಲ್ಲ. ಸತ್ತರೂ ಚಿಂತೆಯಿಲ್ಲ ಎನ್ನುವುದು ಹೋಗುವವರಿಗೆ ಸುಲಭ. ಉಳಿಯುವವಳು ನಾನಲ್ಲವೇ?

ನಿಮ್ಮಪ್ಪನಿಂದ ಗುಟ್ಟಾಗಿ ಮೊಟ್ಟೆ ತರಿಸಿದೆ. ಅಜ್ಜ ಸ್ನಾನಕ್ಕೆ ಹೋದಾಗ, ತಲೆಗೆ ಬಣ್ಣ ಹಚ್ಚುವ ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿ ಒಡೆದೆ. ಕಣ್ಣು ಮುಚ್ಚಿ ಒಡೆದರೆ ಏನಾಗುತ್ತದೆಂದು ನೆಲ ಒರೆಸಿದ ನಿಮ್ಮಮ್ಮನನ್ನು ಕೇಳಿ. ಬಿಳಿಯನ್ನು ಅಕ್ಕಿಹಿಟ್ಟಿನಲ್ಲಿ ಕಲಸಿ ದೋಸೆ ಹುಯ್ದೆ. ಅದಕ್ಕೊಂದು ಬೇರೆ ಹಂಚು. ಅದರ ವಾಸ ಬಾಲ್ಕನಿಯಲ್ಲಿ, ವಾಷಿಂಗ್ ಮಶೀನಿನ ಹಿಂದೆ. ಹಳದಿ, ಕೆಳಗಿನ ಬೀದಿಬೆಕ್ಕುಗಳಿಗೆ.

"ದ್ವಾಸಿ ಭಾಳ ಮೆತ್ತಗ ಆಗ್ಯಾವಲ್ಲ," ಎಂದರು ಅಜ್ಜ.

"ಇಲ್ಲಿ ಅಕ್ಕಿನ ಹಂಗ ಅದಾವ್ರೀ."

"ಹೌದೇನು? ಇನ್ನೊಂದ್ ಹಾಕು." ತಿಂದು ಮುಗಿಸಿ, "ಒಂಚೂರು ಕಾಳಮೆಣಸಿನ ಪುಡಿ ಬೇಕಾಗಿತ್ತ ನೋಡು," ಎಂದರು. ಉಪ್ಪು ಕಾಣದ ನಾಲಿಗೆ ಏನೇನೋ ಬೇಡುತ್ತದೆ ಎಂದುಕೊಂಡೆ.

ಕೆಲವು ತಿಂಗಳಲ್ಲಿ ಬೆಕ್ಕುಗಳ ಮೈ ಮಿರುಗತೊಡಗಿತು. ಮೆಟ್ಟಿಲ ಮೇಲೆ ಮಲಗಿದರೆ ಯಲ್ಲಾ ಯಲ್ಲಾ, ನಡೀರಿ ಎಂದು ಬೇಡಿದರೂ ಏಳುತ್ತಿರಲಿಲ್ಲ. ಅಜ್ಜನ ತೋಳೂ ತುಂಬಿತು. ರಕ್ತದ ರಿಪೋರ್ಟು ನೋಡಿ ಮಲಯಾಳಿ ಹುಡುಗಿ ನನ್ನ ಕೈ ಕುಲುಕಿದಳು. ನಾನು ನಾಚಿ ಪರದೆಯ ಹಿಂದೆ ಸರಿದೆ.

ಅವತ್ತೇ ಪಕ್ಕದ ಹಾಸಿಗೆಗೆ ಉಡುಪಿ ಕಡೆಯ ಲಾರೆನ್ಸಣ್ಣ ಬಂದರು. ನಾನು ಊರಿನಲ್ಲಿದ್ದು ಅಜ್ಜ ಒಬ್ಬರೇ ಎಣ್ಣೆ ಕಂಪನಿಯ ಕ್ಯಾಂಪಿನಲ್ಲಿದ್ದ ಕಾಲಕ್ಕೆ ಅಲ್ಲಿ ಗುಮಾಸ್ತರಾಗಿದ್ದವರು. "ಎಂಥ ಮಾರಾಯ್ರೆ, ನೀವೂ ಇಲ್ಲಿಯಾ?" ಎಂದು ಸಂಭ್ರಮಪಟ್ಟು ನನ್ನ ಕಡೆ ತಿರುಗಿದರು. "ಅಕ್ಕಾ, ಇವರಿಗೆ ಪ್ರೋಟೀನ್ ಕಷ್ಟವೇ ಇಲ್ಲ. ಕ್ಯಾಂಪಿನ ಮೆಸ್ಸಿನಲ್ಲಿ ದಿನಾ ಡಬಲ್ ಆಮ್ಲೆಟ್, ಪೆಪ್ಪರ್ ಜಾಸ್ತಿ! ಇವರ ಮುಖ ಕಂಡ ಕೂಡಲೇ ಕುಕ್ಕು ಮೊಟ್ಟೆ ಒಡೀತಿದ್ದ."

ಕೈಗೆ ನಳಿಗೆ ಚುಚ್ಚಿಸಿಕೊಂಡವರು ಎದ್ದು ಓಡುವ ಹಾಗಿಲ್ಲ. ಅಜ್ಜ ಕಣ್ಣು ಮುಚ್ಚಿ ಗೊರಕೆ ಹೊಡೆದರು.

"ಏನ್ರೀ, ಕಣ್ ತಗೀರಿ! ಮತ್ತ ಅವತ್ತ ಅಷ್ಟ್ಯಾಕ ಒದರಿದ್ರಿ?"

"ನಿನ್ನ ಮುಂದ ಹೂಂ ಅನ್ನಾಕ ನಾಚಿಕಿ ಬಂತು."

"ದ್ವಾಸ್ಯಾಗ ಹಾಕ್ತಿದ್ದದ್ದು?"

"ಮೊದಲನೇ ತುತ್ತಿಗೇ ಗೊತ್ತಾತು." ದನಿ ತಗ್ಗಿಸಿದರು. "ಹೇಳಿದ್ರ ನೀ ನಿಲ್ಲಿಸಿಬಿಡ್ತಿದ್ದಿ. ನನಗ ಇನ್ನೂ ಇರಬೇಕನಸಿತ್ತ, ಸುಮ್ಮನ ತಿಂದೆ."

ಯಾರ ಬಿ.ಪಿ. ಏರಿತೆಂದು ನರ್ಸ್ ಓಡಿ ಬಂದಳು. ಏರಿದ್ದು ನನ್ನದು. ಆ ವಾರ್ಡಿನಲ್ಲಿ ನನಗೂ ದನಿಯಿದೆ ಎಂದು ಅವತ್ತೇ ಎಲ್ಲರಿಗೂ ಗೊತ್ತಾದದ್ದು.

ಮರುದಿನ ಹಂಚು ಬಾಲ್ಕನಿಯಿಂದ ಒಳಗೆ ಬಂತು. ಅಜ್ಜ ಕಾವ್ಯಾಳಿಗೆ ಸೈಕಲ್ ಕಲಿಸುವವರೆಗೂ ಇದ್ದರು. ಅವರು ಹೋದ ಮೇಲೆ ನಾವು ಓಲ್ಡ್ ಏರ್‌ಪೋರ್ಟ್ ಕಡೆ ಮನೆ ಬದಲಿಸಿದೆವು. ಬೇಡದ ಸಾಮಾನೆಲ್ಲ ಎಸೆದೆ. ಹಂಚನ್ನು ಎಸೆಯಲಿಲ್ಲ.

ಬೆಳಿಗ್ಗೆ ಬರೆಯಲು ಕೂತದ್ದು, ಸಂಜೆಯಾಯಿತು. ಕಾವ್ಯಾ ಮತ್ತೆ ಹಂಚು ಇಟ್ಟಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ.

"ನನಗೂ ಒಂದ್ ಹಾಕವಾ."

ಅವಳು ಸೌಟು ಹಿಡಿದು ನಿಂತೇ ಬಿಟ್ಟಳು. "ವೈಟ್ ಓನ್ಲಿ, ಅಜ್ಜಿ?"

"ಹಳದೀನೂ ಇರ್ಲಿ. ಬೆಕ್ಕಿಗೆ ಇವತ್ತ ಖಲಾಸ್."

ಒಂದು ತುಂಡು ಬಾಯಿಗಿಟ್ಟೆ. ಅಂಥ ಮಹಾ ರುಚಿಯೇನಲ್ಲ, ಮಕ್ಕಳೇ. ಆದರೆ ಕಾಳುಮೆಣಸಿನ ಪುಡಿ ನಿಜವಾಗಿಯೂ ಬೇಕಾಗಿತ್ತು.