ಕಾಫಿಗೊಂದು ಡೆಬಿಟ್ ನೋಟ್

"ಅಕ್ಕ, ನನ್ನ ಮೇಲೆ ಒಂದು ಡೆಬಿಟ್ ನೋಟ್ ಬರೆಯಿರಿ," ಎಂದರು ಶೆಣೈಯವರು, ಒಂದೇ ಗುಟುಕು ಕುಡಿದ ಕಾಫಿಯನ್ನು ನನ್ನ ಕೌಂಟರಿನ ಮೇಲಿಟ್ಟು. ಫೋರ್ಟ್ ಏರಿಯಾದ ನಮ್ಮ ಹೋಟೆಲಿಗೆ ಕಾಫಿಪುಡಿ ಕೊಡುವವರು ಅವರೇ. "ಈ ಲಾಟಿನಲ್ಲಿ ಚಿಕೋರಿ ಜಾಸ್ತಿಯಾಗಿದೆ. ತಪ್ಪು ನಮ್ಮ ಮಿಲ್ಲಿನದ್ದು."

ಮಾಲು ಸರಿಯಿಲ್ಲದಿದ್ದರೆ ಬಿಲ್ಲಿನ ಹಣ ಕಡಿತ ಮಾಡಲು ಕೊಂಡವರು ಕಳಿಸುವ ಚೀಟಿಯೇ ಡೆಬಿಟ್ ನೋಟ್. ತೀರಿಕೊಂಡ ನನ್ನ ಯಜಮಾನರ ಕಾಲದಲ್ಲಿ ಅದನ್ನು ಕಳಿಸಿದರೆ ಸಪ್ಲೈಯರ್‌ಗಳು ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದರು. ತಾವಾಗಿ ಕೇಳಿ ಪಡೆಯುವವರನ್ನು ನಾನು ಕಂಡಿದ್ದು ಇದೇ ಮೊದಲು.

"ಪುಡಿ ಮುಗೀತಾ ಬಂತು. ಒಬ್ಬ ಗಿರಾಕಿಯೂ ಕಂಪ್ಲೇಂಟ್ ಮಾಡಿಲ್ಲ ಮಾರಾಯ್ರೆ," ಎಂದೆ.

"ಗಿರಾಕಿ ಸುಮ್ಮನಿದ್ದಾರೆ ಅಂತ ನನ್ನ ನಾಲಗೆ ಸುಮ್ಮನಿರ್ತದಾ ಅಕ್ಕ?"

ಬರೆದುಕೊಟ್ಟೆ. ಸರ್ಟಿಫಿಕೇಟ್ ಸಿಕ್ಕವರಂತೆ ಅದನ್ನು ಮಡಚಿ ಜೇಬಿಗಿಟ್ಟು, ಉಳಿದ ಪುಡಿಯನ್ನೂ ಎತ್ತಿಕೊಂಡು ಹೋದರು. ನಮ್ಮ ಯಜಮಾನರು ಇದನ್ನು ನೋಡಬೇಕಿತ್ತು.

ಈಗ ದಿನಾ ಬೆಳಿಗ್ಗೆ ಶಟರ್ ಎತ್ತುವ ಮೊದಲು ಫಸ್ಟ್ ಕಪ್ ನಾನೇ ಕುಡಿಯುತ್ತೇನೆ. ಪೇಪರ್ ಬದಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ. ನನ್ನ ನಾಲಗೆಯೂ ಒಂದು ದಿನ ಹಾಗೆ ಮಾತಾಡೀತೇ ಎಂದು ಕಾಯುತ್ತೇನೆ.